ಖರಾಬೆಂದು ಬರೆಸಿಕೊಂಡ ನೆಲ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬೇಸಗೆಯ ನಡುಹಗಲಲ್ಲಿ ಹೋಗುವವರು ಸಾಮಾನ್ಯವಾಗಿ ಕಿಟಕಿಯ ಹೊರಗೆ ನೋಡುವುದಿಲ್ಲ. ನೋಡಿದವರು ‘ಏನೂ ಇಲ್ಲ ಬಿಡಿ, ಬರೀ ಬರಡು’ ಎಂದು ಹೇಳಿ ಕಣ್ಣು ಹೊರಳಿಸುತ್ತಾರೆ. ಸ್ವಾಮಿ ಸಮರ್ಥರ ದರ್ಶನಕ್ಕೆಂದೋ ಮದುವೆಯ ಮಾತುಕತೆಗೆಂದೋ ಬೆಂಗಳೂರು ಮೈಸೂರುಗಳಿಂದ ನಮ್ಮ ಮನೆಗಳಿಗೆ ಬರುವ ನಂಟರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ನಿಮ್ಮದು ಮರುಭೂಮಿಯೇ ಸರಿ’ ಎನ್ನುವುದುಂಟು. ಅತಿಥಿಗಳ ಮಾತಾದುದರಿಂದ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಹೊರಗಿನವರ ಆ ಮಾತು ಈಗೀಗ ನಮ್ಮವರ ಬಾಯಲ್ಲಿಯೂ ಕೇಳಿಬರುತ್ತಿದೆ. ಮಡ್ಡಿಯೆಂದರೆ ಏನೂ ಬೆಳೆಯದ ನೆಲ, ಏನು ಮಾಡಿದರೂ ನಷ್ಟವಿಲ್ಲದ ನೆಲ ಎಂಬ ಭಾವನೆ ಹೊಸ ತಲೆಮಾರಿನಲ್ಲಿ ಬೇರೂರುತ್ತಿದೆ. ಇದರ ಬಗೆಗೆ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರಿದೆ.

ಈ ಭಾವನೆಗೆ ಸರಕಾರಿ ಕಾಗದದ ಬೆಂಬಲವೂ ಇದೆ. ನಮ್ಮಲ್ಲಿ ಹೊಲವಿದ್ದವರೆಲ್ಲರ ಮನೆಯಲ್ಲಿ ಸಾತಬಾರಾ ಉತಾರೆ ಇರುತ್ತದೆ. ಅದರಲ್ಲಿ ಸಾಗುವಳಿಯ ಕ್ಷೇತ್ರದ ಕೆಳಗೆ ‘ಪೋಟ ಖರಾಬ’ ಎಂಬ ಇನ್ನೊಂದು ಸಾಲನ್ನು ಓದುಗರು ಕಂಡಿರಬಹುದು. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಆಂಗ್ಲ ಅಧಿಕಾರಿಗಳು ಆರಂಭಿಸಿದ ಕಂದಾಯದ ಮೋಜಣಿ ಮುಂದೆ ಮುಂಬಯಿ ಪ್ರಾಂತವನ್ನೆಲ್ಲ ಆವರಿಸಿತು. ನೇಗಿಲು ಹೋಗದ ನೆಲಕ್ಕೆ ಆಕಾರ ಕಟ್ಟುವಂತಿಲ್ಲವಾದುದರಿಂದ ಅದನ್ನು ಖರಾಬೆಂದು ಬರೆದು ಬೇರೆಯಿಟ್ಟರು. ಲೆಕ್ಕಕ್ಕೆ ಅದು ಸರಿಯೇ. ರೈತನಿಗೆ ಅದರಿಂದ ಉಪಕಾರವೂ ಆಯಿತು. ಆದರೆ ಕರ ಬಾರದ ನೆಲ, ಕೆಲಸಕ್ಕೆ ಬಾರದ ನೆಲ ಎರಡೂ ಒಂದೇ ಎಂದು ಕಾಲಾಂತರದಲ್ಲಿ ಅರ್ಥವಾಗಿಬಿಟ್ಟಿತು. ಗಡಿಯ ಆಚೆ ಇಂಡಿ, ಆಳಂದ, ಅಫಜಲಪುರದ ಪಹಣಿಗಳಲ್ಲಿಯೂ ಇದೇ ಶಬ್ದವಿದೆ. 1956ರ ರಾಜ್ಯ ಪುನರ್ವಿಂಗಡಣೆ ನಮ್ಮ ಊರುಗಳನ್ನು ಬೇರ್ಪಡಿಸಿತು, ಖರಾಬನ್ನು ಬೇರ್ಪಡಿಸಲಿಲ್ಲ.

ವಾಸ್ತವವಾಗಿ ನಮ್ಮದು ಮರುಭೂಮಿಯಲ್ಲ. ರಾಜಸ್ಥಾನದ ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿ.ಮೀ. ಆಸುಪಾಸಿನ ಮಳೆಯಾದರೆ ನಮ್ಮಲ್ಲಿ ಸರಾಸರಿ 600–700 ಮಿ.ಮೀ. ಬೀಳುತ್ತದೆ. ಸಹ್ಯಾದ್ರಿಯ ನೆತ್ತಿಯ ಮೇಲಿನ ಮಹಾಬಳೇಶ್ವರದಲ್ಲಿ 5,000 ಮಿ.ಮೀ.ಗೂ ಮಿಕ್ಕಿ ಸುರಿದು ಹಗುರಾದ ಮೋಡಗಳೇ ನಮ್ಮ ಪಾಲಿಗೆ ಬರುವುದು. ಅದರಲ್ಲಿಯೂ ಬಹುಭಾಗ ಮಳೆಗಾಲದ ಕೊನೆಗೆ, ಸಪ್ಟೆಂಬರಿನಲ್ಲಿ, ಕೆಲವೇ ದಿನ ರಭಸದಿಂದ ಬಿದ್ದು ಹರಿದುಹೋಗುತ್ತದೆ. ಹಾಗಿದ್ದರೂ ಈ ಇಳಿಜಾರುಗಳು ಮರುಭೂಮಿಯಂತೆ ಕಾಣುವುದಕ್ಕೆ ಮಳೆಗಿಂತ ಕಲ್ಲು ಹೆಚ್ಚು ಕಾರಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿ ದಖ್ಖಣದ ಕರಿಗಲ್ಲಾಯಿತು. ಆ ಕಲ್ಲು ಶಿಥಿಲವಾಗಿ ಆದ ನಯವಾದ ಮಣ್ಣನ್ನು ಮಳೆನೀರು ಕೆಳಕ್ಕೆ ಒಯ್ದು ಭೀಮೆ, ಸೀನೆ, ಬೋರಿ ಹೊಳೆಗಳ ದಂಡೆಯಲ್ಲಿ ಆಳಾದ ಎರಿಯಾಗಿ ಕೂಡಿಹಾಕಿದೆ. ಮಂಗಳವೇಢೆಯ ಜೋಳ ಬೆಳೆಯುವುದು ಅದೇ ಎರಿಯಲ್ಲಿ. ಮೇಲೆ ಉಳಿದದ್ದು ಗೇಣುದ್ದದ ಮುರುಮು, ನಮ್ಮವರು ಗರಸು ಎನ್ನುವ ಹರಳುಮಣ್ಣು, ಅದರ ಕೆಳಗೆ ಬಿರುಕುಬಿಟ್ಟ ಬಂಡೆ. ಎರಿ ಮತ್ತು ಮಡ್ಡಿ ಒಂದೇ ಕಲ್ಲಿನ ಮಕ್ಕಳು. ಒಂದಕ್ಕೆ ಮಣ್ಣು ಹೋಯಿತು, ಇನ್ನೊಂದಕ್ಕೆ ಕಲ್ಲು ಉಳಿಯಿತು.

ಈ ಕಲ್ಲಿನ ಮೇಲೆ ಬೆಳೆಯುವುದು ಕಂಟಿ. ಮರಗಳಿಗೆ ಇಲ್ಲಿ ಎಡೆಯಿಲ್ಲ. ಹುಲ್ಲು ಮಳೆಗಾಲದ ನಂಟ. ವರ್ಷವಿಡೀ ನಿಲ್ಲುವುದು ಮೊಳಕಾಲೆತ್ತರದ, ಸೊಂಟದೆತ್ತರದ ಈ ಗಿಡಗಂಟಿಗಳೇ. ಒಂದು ಕಂಟಿಗೂ ಇನ್ನೊಂದಕ್ಕೂ ನಡುವೆ ನಾಲ್ಕಾರು ಹೆಜ್ಜೆ ಬೋಳು ನೆಲವಿರುತ್ತದೆ. ನೋಡಿದವರಿಗೆ ಅದೇ ಬಡತನವಾಗಿ ಕಾಣುವುದು. ಆದರೆ ನೆಲದ ಮೇಲೆ ಖಾಲಿಯಿರುವ ಆ ಜಾಗದ ಕೆಳಗೆ ಬೇರುಗಳು ಹರಡಿರುತ್ತವೆ. ಒಂದೊಂದು ಕಂಟಿಯೂ ತನ್ನ ಸುತ್ತಲಿನ ಮಳೆನೀರಿನ ಪಾಲನ್ನು ಹಿಡಿದುಕೊಂಡಿರುತ್ತದೆ. ಆ ಅಂತರವನ್ನು ತುಂಬಲು ಹೋದರೆ ಎಲ್ಲವೂ ಬಾಯಾರುತ್ತವೆ.

ಇವುಗಳಲ್ಲಿ ಮೊದಲು ಹೇಳಬೇಕಾದದ್ದು ತಂಗಡಿಯನ್ನು. ಕೆಲವು ಕಡೆ ಅವರಿಕೆ ಎನ್ನುತ್ತಾರೆ, ಮರಾಠಿಯಲ್ಲಿ ತರವಡ. ಉಳಿದದ್ದೆಲ್ಲ ಒಣಗಿ ಕಂದಾಗಿರುವಾಗಲೂ ಹಚ್ಚಗಿದ್ದು ಚಿನ್ನದ ಬಣ್ಣದ ಹೂ ಬಿಡುವ ಗಿಡವಿದು. ದನಕರುಗಳು ಇದಕ್ಕೆ ಬಾಯಿ ಹಾಕುವುದಿಲ್ಲವಾದುದರಿಂದ ಇದು ನಿಷ್ಪ್ರಯೋಜಕವೆಂದು ತಿಳಿಯುವವರಿದ್ದಾರೆ. ಇದರ ತೊಗಟೆಯಲ್ಲಿ ಚರ್ಮ ಹದಮಾಡುವ ಒಗರು ಇದೆ. ವಿದ್ಯುತ್ತಿನ ಪಂಪು ಬರುವ ಮೊದಲು ನಮ್ಮ ಬಾವಿಗಳಿಂದ ನೀರೆತ್ತುತ್ತಿದ್ದುದು ಎತ್ತು ಕಟ್ಟಿದ ತೊಗಲಿನ ಮೋಟಿನಿಂದ. ಆ ತೊಗಲು ಹದವಾಗುತ್ತಿದ್ದುದು ಜಾಲಿಯ ಮತ್ತು ತಂಗಡಿಯ ತೊಗಟೆಯಿಂದ. ಅಂದರೆ ಕೆಳಗಿನ ತೋಟಕ್ಕೆ ನೀರೇರಿದ್ದರಲ್ಲಿ ಮೇಲಿನ ಮಡ್ಡಿಯ ಪಾಲೂ ಇತ್ತು. ತೆಲಂಗಾಣದವರು ಬತುಕಮ್ಮ ಹಬ್ಬದಲ್ಲಿ ಇದೇ ಹೂವನ್ನು ಪೇರಿಸಿ ಪೂಜಿಸುತ್ತಾರೆ. 2014ರಲ್ಲಿ ರಾಜ್ಯವಾದ ಮೇಲೆ ಅದನ್ನೇ ರಾಜ್ಯಪುಷ್ಪವನ್ನಾಗಿ ಆರಿಸಿಕೊಂಡರು. ನಾವು ಅದೇ ಹೂವನ್ನು ಬಸ್ಸಿನ ಕಿಟಕಿಯಿಂದ ಸಹ ನೋಡುವುದಿಲ್ಲ.

ಬಾರಿ ಕಂಟಿಯನ್ನು ಬಲ್ಲದವರಾರು? ಸಂಕ್ರಮಣದ ಸುಮಾರಿಗೆ ಹಣ್ಣಾಗುತ್ತದೆ. ಚಿಕ್ಕ ಮಕ್ಕಳ ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ಹೋಳು, ಚುರಮುರಿಗಳನ್ನು ಸುರಿಯುವ ಪದ್ಧತಿ, ಮರಾಠಿಯವರ ಬೋರನ್ಹಾಣ, ನಮ್ಮ ಮನೆಗಳಲ್ಲಿಯೂ ರೂಢಿಯಾಗಿದೆ. ಈಗ ಸಂತೆಯಿಂದ ನಿಂಬೆಗಾತ್ರದ ಕಸಿಹಣ್ಣು ತರುತ್ತಾರೆ. ಮಡ್ಡಿಯ ಬಟಾಣಿಗಾತ್ರದ ಹುಳಿಸಿಹಿ ಹಣ್ಣಿನ ರುಚಿ ಅದಕ್ಕೆಲ್ಲಿ! ಆದರೆ ಹಣ್ಣಿಗಿಂತ ದೊಡ್ಡದು ಇದರ ಎಲೆ. ರಾಜಸ್ಥಾನದವರು ಇಂಥದೇ ಸಣ್ಣ ಬಾರಿಯ ಎಲೆಯನ್ನು ಬಡಿದು ಒಣಗಿಸಿ ‘ಪಾಲಾ’ ಎಂದು ಕೂಡಿಟ್ಟು ಬೇಸಗೆಯುದ್ದಕ್ಕೂ ಜಾನುವಾರುಗಳಿಗೆ ಹಾಕುತ್ತಾರೆ. ಬಾರಿಯ ಬೇರು ಬಂಡೆಯ ಬಿರುಕು ಹಿಡಿದು ಬಹು ಆಳಕ್ಕೆ ಇಳಿಯುತ್ತದೆ. ಮೇಲೆ ಎಷ್ಟು ಸಲ ಕಡಿದರೂ ಮತ್ತೆ ಚಿಗುರುತ್ತದೆ. ಇದರ ಮುಳ್ಳಿನ ಆಶ್ರಯದಲ್ಲಿ ಬಿದ್ದ ಹುಲ್ಲಿನ ಬೀಜಕ್ಕೆ ಯಾವ ದನದ ಬಾಯಿಯೂ ತಾಗದು. ಗಾಳಿ ತಂದ ಧೂಳು, ಉದುರಿದ ಎಲೆ, ಇರುವೆ ಎತ್ತಿಹಾಕಿದ ಮಣ್ಣು ಎಲ್ಲವೂ ಸೇರಿ ಕಂಟಿಯ ಬುಡದಲ್ಲಿ ಬೊಗಸೆಯಷ್ಟು ಒಳ್ಳೆಯ ಮಣ್ಣಾಗುತ್ತದೆ. ಮಡ್ಡಿಯಲ್ಲಿ ಮಣ್ಣು ಹುಟ್ಟುವುದು ಹೀಗೆ, ಒಂದೊಂದು ಕಂಟಿಯ ಕೆಳಗೆ ಒಂದೊಂದು ಬೊಗಸೆ.

ಇನ್ನು ಕರೀರವಿದೆ, ಮರಾಠಿಯ ನೇಪತಿ. ನೋಡಿದರೆ ಒಣ ಕಡ್ಡಿಗಳ ರಾಶಿ. ಎಲೆ ಇದ್ದೂ ಇಲ್ಲದಂತೆ. ಹಸಿರು ಕಡ್ಡಿಯೇ ಎಲೆಯ ಕೆಲಸ ಮಾಡುತ್ತದೆ. ಎಲೆಯಿಲ್ಲದಿದ್ದರೆ ಆವಿಯಾಗುವ ನೀರೂ ಕಡಿಮೆಯಲ್ಲವೆ? ಥಾರ್ ಮರುಭೂಮಿಯಲ್ಲಿ ‘ಕೇರ್’ ಎಂದು ಹೆಸರಾಗಿ ಉಪ್ಪಿನಕಾಯಿಯಾಗುವುದು ಇದರ ಕಾಯಿಯೇ. ಕಳ್ಳಿಯ ಉಪಾಯ ಬೇರೆ: ಹಗಲೆಲ್ಲ ತನ್ನ ರಂಧ್ರಗಳನ್ನು ಮುಚ್ಚಿಕೊಂಡಿದ್ದು ಬಿಸಿಲಿಳಿದ ಮೇಲೆ ರಾತ್ರಿ ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಎಕ್ಕೆಯ ಮಾತು ಬೇಡ, ಅದು ಎಲ್ಲಿಯಾದರೂ ಬದುಕೀತು. ಶನಿವಾರ ಹನುಮಂತದೇವರ ಕೊರಳಿಗೆ ಅದರ ಮಾಲೆ ಬೀಳುವುದರಿಂದ ಅದೊಂದನ್ನಾದರೂ ಪೇಟೆಯವರು ಗುರುತಿಸುತ್ತಾರೆ.

ಅಕ್ಕಲಕೋಟೆ ತಾಲೂಕಿನ ನಮ್ಮ ಊರಿನ ಗಾಯರಾಣದಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹಿರಿಯರನ್ನು, ಎಲ್ಲರೂ ಮುತ್ಯಾ ಎಂದೇ ಕರೆಯುವವರನ್ನು, ‘ಮುತ್ಯಾ, ಈ ಬಿಸಲಾಗ ಆಡಿಗಿ ಇಲ್ಲಿ ಏನ ಸಿಗತದ?’ ಎಂದು ನಾವು ಒಮ್ಮೆ ಕೇಳಿದ್ದುಂಟು. ಅವರು ಕೋಲಿನ ಮೇಲೆ ಗದ್ದವೂರಿಕೊಂಡೇ ಉತ್ತರಿಸಿದರು: ‘ನಿಮಗ ಇದು ಬರಡ ತಮ್ಮಾ, ನನ್ನ ಆಡಿಗಿ ಇದ ಸಂತಿ. ಮುಂಜಾನಿ ಬಾರಿತೊಪ್ಪಲ ತಿಂತಾವ, ಮದ್ಯಾನ ಜಾಲಿಕಾಯಿ ಆರಸತಾವ. ತಂಗಡಿ ಮೂಸಿ ನೋಡಿ ಬಿಡತಾವ. ಸಂತಿಗಿ ಹೋದ ಹೆಣ್ಮಕ್ಕಳು ಎಲ್ಲಾ ಮುಟ್ಟಿ ನೋಡಿ ಬೇಕಾದ್ದಷ್ಟ ತಗೊಳ್ಳೂದಿಲ್ಲೇನ, ಹಂಗ.’ ಅವರ ಜೊತೆ ಅರ್ಧಗಂಟೆ ನಡೆದರೆ ತಿಳಿಯುವಷ್ಟನ್ನು ನಾವು ಪುಸ್ತಕಗಳಿಂದ ಪಡೆಯಲು ಎಷ್ಟೋ ದಿನ ಬೇಕಾದೀತು. ನೆರೆಯ ಉಸ್ಮಾನಾಬಾದಿನ, ಅಂದರೆ ಇಂದಿನ ಧಾರಾಶಿವದ, ಕರಿಯ ಆಡುಗಳು ದೇಶದಲ್ಲೆಲ್ಲ ಹೆಸರಾದವು. ಜತ್ತ ತಾಲೂಕಿನ ಮಾಡಗ್ಯಾಳದ ಕುರಿಯೂ ಹಾಗೆಯೇ. ಆ ತಳಿಗಳು ರೂಪುಗೊಂಡದ್ದು ಇಂಥ ಕಂಟಿಗಳನ್ನು ಮೇಯ್ದೇ. ಸೊನ್ನಲಿಗೆಯ ಸಿದ್ಧರಾಮನೂ ಕೆರೆ ಕಟ್ಟಿಸುವ ಮೊದಲು ದನ ಕಾಯುವ ಬಾಲಕನಾಗಿದ್ದನೆಂಬುದನ್ನು ರಾಘವಾಂಕನ ಕಾವ್ಯ ಓದಿದವರು ಬಲ್ಲರು. ಕೆರೆಯನ್ನು ನಾವು ನೆನೆಯುತ್ತೇವೆ, ದನ ಮೇಯ್ದ ನೆಲವನ್ನಲ್ಲ.

ಮಡ್ಡಿಯ ಬೆಲೆ ಗೊತ್ತಾಗುವುದು ಬರದಲ್ಲಿ. 1972ರ ಬರವನ್ನು ಕಂಡವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಹೊಲದಲ್ಲಿ ಕೆಲಸವಿಲ್ಲದೆ ಗಂಡಸರು ಹೆಂಗಸರು ಕೂಡಿ ರಸ್ತೆಯ ಬದಿಗೆ ಖಡಿ ಒಡೆದದ್ದು, ಕೆರೆಯ ಒಡ್ಡಿಗೆ ಮಣ್ಣು ಹೊತ್ತದ್ದು, ಅಮೇರಿಕೆಯಿಂದ ಬಂದ ಕೆಂಪು ಮಿಲೊ ಜೋಳದ ರೊಟ್ಟಿಯನ್ನು ನುಂಗಲಾರದೆ ನುಂಗಿದ್ದು, ಕೆಲಸದ ಜಾಗದಲ್ಲಿ ಹಂಚಿದ ಸುಕಡಿಯನ್ನು ಮಕ್ಕಳಿಗಾಗಿ ಸೆರಗಿನಲ್ಲಿ ಕಟ್ಟಿ ತಂದದ್ದು, ಎಲ್ಲವನ್ನೂ ಅವರು ಹೇಳುತ್ತಾರೆ. ಆಗ ಆರಂಭವಾದ ಉದ್ಯೋಗ ಖಾತರಿ ಯೋಜನೆ 1977ರಲ್ಲಿ ಶಾಸನವಾಯಿತು. ಮುಂದೆ ದೇಶಕ್ಕೇ ಮಾದರಿಯಾಯಿತು. ಇವೆಲ್ಲ ಇತಿಹಾಸದಲ್ಲಿ ಸೇರಿವೆ. ಸೇರದ ಒಂದು ಸಂಗತಿಯನ್ನು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು: ಆ ವರ್ಷ ಎತ್ತು ಆಕಳುಗಳನ್ನು ಸಿಕ್ಕ ಬೆಲೆಗೆ ಮಾರಿಬಿಟ್ಟ ಮನೆಗಳಲ್ಲಿ ಆಡುಗಳು ಮಾತ್ರ ಉಳಿದವು. ಹುಲ್ಲು ತಿನ್ನುವ ಪ್ರಾಣಿಗೆ ಮೇವಿರಲಿಲ್ಲ. ಕಂಟಿ ತಿನ್ನುವ ಪ್ರಾಣಿಗೆ ಇತ್ತು. ನಾಲ್ಕು ಆಡು ಉಳಿದ ಮನೆಯಲ್ಲಿ ಕೂಸಿಗೆ ಹಾಲು ಉಳಿಯಿತು.

ಇಂಥ ನೆಲವನ್ನು ಉದ್ಧರಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಆದ ಅನಾಹುತಗಳೂ ಇವೆ. 1985ರಲ್ಲಿ ಕೇಂದ್ರ ಸರಕಾರ ಪಾಳುಭೂಮಿ ಅಭಿವೃದ್ಧಿ ಮಂಡಳಿಯನ್ನು ಸ್ಥಾಪಿಸಿತು. ಆ ಬಳಿಕ ತಯಾರಾದ ಪಾಳುಭೂಮಿಯ ನಕ್ಷೆಗಳಲ್ಲಿ ಕುರುಚಲು ಕಂಟಿಯ ನೆಲಕ್ಕೆ ಪ್ರತ್ಯೇಕ ಸ್ಥಾನವೇ ದೊರೆಯಿತು: ಪಾಳು ಎಂದು. ಪಾಳು ಎಂದ ಮೇಲೆ ಹಸಿರು ಮಾಡಬೇಕಷ್ಟೆ. ಮಧ್ಯ ಅಮೇರಿಕೆಯ ಗ್ಲಿರಿಸಿಡಿಯಾ ಗಿಡ ಸೊಲ್ಲಾಪುರದ ಸುತ್ತಲಿನ ಮಾಳಗಳ ಮೇಲೆ ಸಾಲುಸಾಲಾಗಿ ಬಂದದ್ದು ಹೀಗೆ. ಅದಕ್ಕೂ ಮುಂಚೆ, 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ, ಸೌದೆಯ ಆಸೆಗೆ ತಂದ ಬಳ್ಳಾರಿ ಜಾಲಿ, ಮರಾಠಿಯವರು ‘ವೇಡಿ ಬಾಭೂಳ’, ಹುಚ್ಚುಜಾಲಿ, ಎಂದು ಸರಿಯಾಗಿಯೇ ಹೆಸರಿಟ್ಟದ್ದು, ಹಳ್ಳಕೊಳ್ಳಗಳನ್ನೆಲ್ಲ ಹಿಡಿದುಕೊಂಡಿದೆ. ದೂರದಿಂದ ನೋಡಿದರೆ ಹಸಿರು. ಒಳಹೊಕ್ಕರೆ ಹುಲ್ಲೂ ಇಲ್ಲ, ಬಾರಿಯೂ ಇಲ್ಲ.

ಈ ಮಾತಿಗೆ ಸಾಕ್ಷಿ ಬೇಕಾದವರು ಸೊಲ್ಲಾಪುರದ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದ ನಾನ್ನಜಕ್ಕೆ ಹೋಗಬಹುದು. ಮಾಳಢೋಕ, ಕನ್ನಡದಲ್ಲಿ ಎರ್ಲಡ್ಡು ಎಂಬ ಆಳೆದೆಯೆತ್ತರದ ಹಕ್ಕಿಗಾಗಿ 1979ರಲ್ಲಿ ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಲ್ಲಿ ಹರಡಿದ 8,496 ಚ.ಕಿ.ಮೀ. ಅಭಯಾರಣ್ಯ ಘೋಷಿತವಾಯಿತು; ಮುಂದೆ ಅದನ್ನು 1,200 ಚ.ಕಿ.ಮೀ.ಗೆ ಸ್ವಲ್ಪ ಮಿಕ್ಕಿದ ಕ್ಷೇತ್ರಕ್ಕೆ ಇಳಿಸಲಾಯಿತು. ಈ ಹಕ್ಕಿ ಮರ ಏರುವುದಿಲ್ಲ, ಗೂಡು ಕಟ್ಟುವುದಿಲ್ಲ. ವಿರಳವಾದ ಹುಲ್ಲು ಕಂಟಿಗಳ ನಡುವಿನ ಬರಿಯ ನೆಲದಲ್ಲಿ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆಯಿಟ್ಟು, ನಾಲ್ಕು ಕಡೆಗೂ ದೃಷ್ಟಿಯಿಟ್ಟು ಕಾಯುತ್ತದೆ. ಅದರ ಬಯಲಿನಲ್ಲಿ ಮರ ನೆಟ್ಟರೆ ಅದಕ್ಕೆ ಶತ್ರು ಕಾಣುವುದಿಲ್ಲ; ಅದು ಬಿಟ್ಟುಹೋಗುತ್ತದೆ. ಇಡೀ ದೇಶದಲ್ಲಿ ಇಂದು ಇನ್ನೂರು ಹಕ್ಕಿಗಳೂ ಇಲ್ಲ, ಇದ್ದುದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ನಾನ್ನಜದಲ್ಲಿ ಒಂದು ಕಂಡರೆ ಪತ್ರಿಕೆಗೆ ಸುದ್ದಿ. ಚಿಗರಿಗಳೂ ತೋಳಗಳೂ ಇನ್ನೂ ಇವೆ ಎಂಬುದೊಂದು ಸಮಾಧಾನ.

ಹಾಗೆಂದು ಮಡ್ಡಿಯನ್ನು ಮುಟ್ಟಲೇಬಾರದೆಂದು ವಾದಿಸುವವರು ನಾವಲ್ಲ. ನಮ್ಮ ಜಿಲ್ಲೆಯ ದಾಳಿಂಬೆ ಬೆಳೆದದ್ದು ಇದೇ ಹಗುರು ನೆಲದಲ್ಲಿ. ಮುರುಮಿನಲ್ಲಿ ಗುಂಡಿ ತೋಡಿ, ಕೆರೆಯ ಹೂಳು ತುಂಬಿ, ಹನಿಹನಿಯಾಗಿ ನೀರು ಕೊಟ್ಟು ರೈತರು ಬಂಡೆಯ ಮೇಲೆ ಹಣ್ಣು ಬೆಳೆದರು. 2005ರಲ್ಲಿ ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸೊಲ್ಲಾಪುರದಲ್ಲಿಯೇ ಸ್ಥಾಪನೆಯಾಯಿತು. 2016ರಲ್ಲಿ ಸೊಲ್ಲಾಪುರದ ದಾಳಿಂಬೆಗೆ ಭೌಗೋಳಿಕ ಗುರುತು ದೊರೆಯಿತು. ಇರಾನಿನ ಕಡೆಯ ಒಣ ಕಲ್ಲುಗುಡ್ಡಗಳ ಕಂಟಿಯೇ ದಾಳಿಂಬೆಯ ಮೂಲವಾದುದರಿಂದ ಅದು ಇಲ್ಲಿ ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ‘ತೇಲ್ಯಾ’ ರೋಗ ಬಂದು ತೋಟಕ್ಕೆ ತೋಟವೇ ಕಿತ್ತು ಹಾಕಿದ ಕುಟುಂಬಗಳ ಕಷ್ಟವನ್ನೂ ನಾವು ಕಂಡಿದ್ದೇವೆ. ಅದೇನಿದ್ದರೂ ದಾಳಿಂಬೆಯ ತೋಟದಲ್ಲಿ ನೆಲ ನೆಲವಾಗಿಯೇ ಉಳಿಯುತ್ತದೆ. ಬಿಟ್ಟರೆ ಹತ್ತು ವರ್ಷಕ್ಕೆ ಬಾರಿ ತಂಗಡಿಗಳು ಮರಳಿ ಬಂದಾವು.

ಮರಳಿ ಬಾರದಿರುವುದು ಹೆಸರುಗಳು. ದಸರೆಯಂದು ನಾವು ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುತ್ತೇವೆ; ಪಕ್ಕದ ಮರಾಠಿ ಮನೆಯವರು ಆಪಟೆಯ ಎಲೆ ಕೊಟ್ಟು ‘ಸೋನೆ’ ಎನ್ನುತ್ತಾರೆ. ನಮ್ಮ ಮಕ್ಕಳು ಎರಡನ್ನೂ ಕಲಿತು ಎರಡೂ ಮನೆಯ ಫರಾಳ ತಿನ್ನುತ್ತಾರೆ, ಅದು ಈ ಗಡಿಯ ಭಾಗ್ಯ. ಆದರೆ ಬನ್ನಿಯ ಗಿಡವನ್ನು ಮಡ್ಡಿಯಲ್ಲಿ ತೋರಿಸಿ ಎಂದರೆ ಯಾವ ಮಾಧ್ಯಮದಲ್ಲಿ ಓದಿದ ಮಗುವೂ ತೋರಿಸಲಾರದು. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿಯಲ್ಲಿ ಈ ಬನ್ನಿಯನ್ನು ಕಡಿಯಗೊಡದೆ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂದು ಪಾಠದಲ್ಲಿ ಓದಿರುತ್ತದೆ. ಅದು ತಮ್ಮ ಊರ ಗಿಡವೇ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಮಾಳ ಎಂಬ ಶಬ್ದ ಕನ್ನಡದಲ್ಲಿಯೂ ಇದೆ, ಮರಾಠಿಯಲ್ಲಿಯೂ ಇದೆ. ಮಡ್ಡಿ, ಮರಡಿ, ಗರಸು ಎಂಬವು ನಮ್ಮ ಮುತ್ಯಾರ ಬಾಯಲ್ಲಿವೆ. ಅವರ ಬಳಿಕ?

ಈಗ ಈ ಮಡ್ಡಿಗಳಿಗೆ ಬಂದಿರುವುದು ಹೊಸ ಬಗೆಯ ಗಿರಾಕಿ. ರಸ್ತೆಗಳು ಅಗಲವಾಗುತ್ತಿವೆ, ನಿವೇಶನಗಳು ಎದ್ದಿವೆ. ಎಲ್ಲದಕ್ಕೂ ಭರ್ತಿಗೆ ಮುರುಮು ಬೇಕು. ಬ್ರಾಸಿಗೆ ಇಷ್ಟೆಂದು ಲೆಕ್ಕಹಾಕಿ, ಯಂತ್ರದಿಂದ ಇಳಿಜಾರನ್ನೇ ಕೆರೆದು ಟಿಪ್ಪರಿನಲ್ಲಿ ತುಂಬಿ ಒಯ್ಯುತ್ತಾರೆ. ಕೆಳಗಿನ ಕರಿಬಂಡೆ ಹಲ್ಲಿನಂತೆ ಮೇಲೇಳುತ್ತದೆ. ಅಲ್ಲಿ ಮತ್ತೆ ಕಂಟಿ ನಿಲ್ಲುವಷ್ಟು ಮುರುಮು ಆಗಬೇಕಾದರೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಆಗಲಾರದು.

ನಮ್ಮ ಕುಟುಂಬಕ್ಕೂ ಉತಾರೆಯಲ್ಲಿ ಖರಾಬೆಂದು ಬರೆದ ಮೂರು ಎಕರೆ ಇಳಿಜಾರು ಇದೆ. ಅಣ್ಣತಮ್ಮಂದಿರ ನಡುವೆ ಇನ್ನೂ ಪಾಲಾಗಿಲ್ಲ. ಕಳೆದ ಬೇಸಗೆಯಲ್ಲಿ ಒಬ್ಬ ಗುತ್ತಿಗೆದಾರನ ಕಡೆಯವರು ಬಂದು ನೋಡಿ, ಅಳೆದು, ಸುಣ್ಣದಿಂದ ಗೆರೆ ಹಾಕಿಹೋದರು. ಅವರು ಹೇಳಿದ ಮೊತ್ತ ಸಣ್ಣದಲ್ಲ. ಊರಲ್ಲಿದ್ದು ಒಕ್ಕಲುತನ ಮಾಡುವ ನಮ್ಮ ಕಾಕಾನ ಮಗ ಎರಡು ಬೋರು ಕೊರೆಸಿ ಎರಡರಲ್ಲಿಯೂ ನೀರು ಕಾಣದೆ ಸಾಲದಲ್ಲಿದ್ದಾನೆ. ‘ಅಣ್ಣಾ, ನೀವು ಸೊಲ್ಲಾಪುರದಾಗ ಕುಂತು ಕಂಟಿ ಕಂಟಿ ಅಂತೀರಿ. ಕಂಟಿ ತೋರಿಸಿದ್ರ ಬ್ಯಾಂಕಿನವರು ಬಿಡತಾರೇನು?’ ಎಂದು ಅವನು ಕೇಳಿದಾಗ ಅದಕ್ಕೆ ನಮ್ಮಲ್ಲಿ ಸುಲಭದ ಉತ್ತರವಿರಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿದೆ. ಉತ್ತರ ಕೊಟ್ಟವಳು ಬಾಗಿಲ ಮರೆಯಲ್ಲಿ ನಿಂತಿದ್ದ ಅವನ ಹೆಂಡತಿ: ‘ಭಾವಾರ, ಮುರುಮ ಮಾರಿದ್ರ ರೊಕ್ಕ ಒಂದ ಸಲ ಬರತದ. ನನ್ನ ಆರ ಆಡ ವರ್ಷಾ ಮರಿ ಹಾಕತಾವ. ಅವನ್ನ ಎಲ್ಲಿ ಮೇಯಿಸಲಿರಿ?’ ಮಕ್ಕಳ ಶಾಲೆಯ ಖರ್ಚು ನಡೆಯುತ್ತಿರುವುದು ಆ ಮರಿಗಳ ಮೇಲೆಯೇ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂದು ಮೊದಲ ಸಲ ಅದು ಲೆಕ್ಕವಾಗಿ ಕಾಗದದ ಮೇಲೆ ಬಂತು. ಮರಿಗಳ ಬೆಲೆ, ಹಾಲು, ಹೊಲಕ್ಕೆ ಹೋಗುವ ಗೊಬ್ಬರ ಎಲ್ಲವನ್ನೂ ಒಂದು ಕಡೆ ಬರೆದು, ಮುರುಮಿನ ಹಣವನ್ನು ಇನ್ನೊಂದು ಕಡೆ ಬರೆದು ನೋಡಿದೆವು. ಸಾಲದ ಒಂದು ಭಾಗವನ್ನು ನಾವು ಉಳಿದ ಅಣ್ಣತಮ್ಮಂದಿರು ಹಂಚಿಕೊಂಡು ತೀರಿಸುವುದೆಂದೂ, ದಸರೆಗೆ ಎಲ್ಲರೂ ಊರಿಗೆ ಬಂದಾಗ ಮಿಕ್ಕ ಮಾತು ಮುಗಿಸುವುದೆಂದೂ ಆಯಿತು. ಅಲ್ಲಿಯವರೆಗೆ ಯಂತ್ರ ಬರಕೂಡದು.

ಗುತ್ತಿಗೆದಾರನ ಕಡೆಯವರು ಹಾಕಿದ್ದ ಸುಣ್ಣದ ಗೆರೆ ಮೊದಲ ಮಳೆಗೇ ಅಳಿಸಿಹೋಗಿದೆ. ಅವರ ಫೋನು ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತಿದೆ.